ತಿರುವಿನಲ್ಲಿ ಆರುವ ಎಂಜಿನ್

ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಬೋರಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಸವೆದ ಸಿಲಿಂಡರುಗಳನ್ನು ಒಳಗಿನಿಂದ ಕೊರೆದು ನುಣುಪು ಮಾಡುವುದು ಅವಳ ಕೆಲಸ. ಬೇಸರಕ್ಕೂ ಅವಳಿಗೂ ಆಗಿಬರುತ್ತಿರಲಿಲ್ಲ; ಬಾಯಿ ತೆರೆದರೆ ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗಬೇಕು. ಅಂಥವಳು ಅಪ್ಪನ ಬೈಕು ಬಿಚ್ಚಲು ಕೂತ ಮೇಲೆ ಮಾತು ಕಡಿಮೆ ಮಾಡಿದಳು.

ಅಪ್ಪ ಕಾಣೆಯಾದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಹೊಳೆಯ ಸೇತುವೆ ಮೇಲೆ ಬೈಕು ಸ್ಟ್ಯಾಂಡ್ ಹಾಕಿಕೊಂಡು ನೆಟ್ಟಗೆ ನಿಂತಿತ್ತು. ಅಪ್ಪ ಇರಲಿಲ್ಲ. ಹೊಳೆಯನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಅಂದು ಹಿತ್ತಲ ಶೆಡ್ಡಿಗೆ ನೂಕಿದ ಬೈಕು ಈ ವರ್ಷ ಶೆಡ್ಡಿನ ತಗಡು ಕುಸಿದಾಗಲೇ ಬೆಳಕು ಕಂಡಿದ್ದು.

"ಗುಜರಿಗೆ ಹಾಕಿಬಿಡೋಣ," ಎಂದ ತಮ್ಮ.

"ಗುಜರಿಗೆ ಯಾಕೋ? ನಿಮ್ಮಕ್ಕನ ಕೈಲಿ ಕಸುಬಿದೆ, ಸರಿ ಮಾಡ್ಲಿ," ಎಂದಳು ಅಮ್ಮ.

ಕಿಕ್ಕರ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವಳು ಎಂಜಿನ್ ಇಳಿಸಿ ವರಾಂಡದ ಮೇಜಿನ ಮೇಲಿಟ್ಟು ಹೆಡ್ ಬಿಚ್ಚಿದಳು. ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡು ಕೂತಿತ್ತು. ದಿನಾ ಎಣ್ಣೆ ಕುಡಿಸಿ, ಮರದ ತುಂಡಿಟ್ಟು ಬಡಿದು ಬಡಿದು ಕೊನೆಗೂ ಹೊರಗೆ ತೆಗೆದಳು. ಬೇರಿಂಗುಗಳು ಕೈಯಲ್ಲೇ ಪುಡಿಯಾದವು. ಎಂಜಿನ್ ಹೀಗೆ ಚೂರುಚೂರಾಗಿ ಹಳೇ ಬಟ್ಟೆಯ ಮೇಲೆ ಹರಡಿಕೊಂಡಿದ್ದ ದಿನ ಸಂಜೆ, ದೂರದ ದೊಡ್ಡ ರಸ್ತೆಯ ಕಡೆಯಿಂದ ಆ ಸದ್ದು ಕೇಳಿಸಿತು. ಒಂದೊಂದೇ ಬಡಿತವನ್ನು ಎಣಿಸಬಹುದಾದಂಥ, ನಿಧಾನದ ಡುಗುಡುಗು.

ಅಮ್ಮ ಸೊಪ್ಪು ಬಿಡಿಸುವ ಕೈ ನಿಲ್ಲಿಸಿದಳು. "ನಿಮ್ಮಪ್ಪ."

"ಊರಲ್ಲಿ ಇನ್ಯಾರ ಹತ್ರಾನೂ ಬೈಕಿಲ್ವಾ?" ತಮ್ಮ ನಕ್ಕ. ಅಕ್ಕ ನಗಲಿಲ್ಲ. ಮೂರನೆಯ ಗೇರಿನಲ್ಲಿ ಒಮ್ಮೆ ಮುಗ್ಗರಿಸುವ ಅಪ್ಪನ ಬೈಕಿನ ಚಾಳಿ ಅವಳಿಗೂ ಗೊತ್ತಿತ್ತು.

ಹೊಸ ಬೇರಿಂಗ್ ಕೂರಿಸಿ ಕ್ರ್ಯಾಂಕ್ ಜೋಡಿಸಿದ ದಿನ ಸದ್ದು ಹಿಟ್ಟಿನ ಗಿರಣಿಯ ತನಕ ಬಂತು. ಸಿಲಿಂಡರ್ ಕೊರೆದು ಪಿಸ್ಟನ್ ಇಳಿಸಿದ ದಿನ ಬೀದಿಯ ತಿರುವಿನವರೆಗೂ ಬಂದು ಅಲ್ಲಿ ಆರಿತು. ಆಮೇಲೆ ಕೇಳಿಸಿದ್ದು ಮಣ್ಣಿನ ಮೇಲೆ ಟೈರು ಉರುಳುವ ಸದ್ದೊಂದೇ. ಹಿಂದೆಲ್ಲ ರಾತ್ರಿ ಮನೆಗೆ ಬರುವಾಗ, ಮಲಗಿದ ಮಕ್ಕಳು ಏಳದಿರಲೆಂದು ಅಪ್ಪ ತಿರುವಿನಲ್ಲೇ ಎಂಜಿನ್ ಆರಿಸಿ ಹಾಗೆ ತೇಲಿಕೊಂಡು ಬರುತ್ತಿದ್ದ. ಅವಳು ಬಾಗಿಲಿಗೆ ಓಡಿ ನೋಡಿದಳು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಮರುದಿನ ಪರೀಕ್ಷಿಸಿಯೇ ಬಿಡುವ ಹಟಕ್ಕೆ ಬಿದ್ದು ಪಿಸ್ಟನ್ ಮತ್ತೆ ಬಿಚ್ಚಿಟ್ಟಳು. ಸಂಜೆ ಸದ್ದು ಗಿರಣಿಯ ಹತ್ತಿರವೇ ನಿಂತಿತು.

"ಅಮ್ಮಾ, ನನ್ನ ಕೈಲಾಗಲ್ಲ. ಇದನ್ನ ಇಲ್ಲಿಗೇ ಬಿಟ್ಟುಬಿಡ್ತೀನಿ."

"ಅರ್ಧಕ್ಕೆ ಬಿಟ್ರೆ ದಿನಾ ಸಂಜೆ ಅಲ್ಲೇ ಸುತ್ತುತಾ ಇರ್ತಾರೆ. ಕೇಳಿಸ್ಕೊಂಡು ಇರೋಕಾಗುತ್ತಾ ನಿಂಗೆ?" ಅಮ್ಮನ ದನಿಯಲ್ಲಿ ಹೆದರಿಕೆ ಇರಲಿಲ್ಲ, ದಣಿವಿತ್ತು. "ಮುಗ್ಸು. ಆಮೇಲಿಂದು ನಾನು ನೋಡ್ಕೋತೀನಿ."

ರಜೆಯ ದಿನ ಬೆಳಿಗ್ಗೆ ಜೋಡಿಸಿದ ಎಂಜಿನ್ನನ್ನು ಬೈಕಿಗೇರಿಸಿ, ಕಾರ್ಬೊರೇಟರ್ ಕೂರಿಸಿ ಅವಳು ಕಿಕ್ಕರ್ ಮೇಲೆ ನಿಂತಳು. ಒದ್ದು ಒದ್ದು ಕಾಲು ಸೋತಿತು. ಕೊನೆಗೊಮ್ಮೆ ಎಂಜಿನ್ ಕೆಮ್ಮಿ, ನೀಲಿ ಹೊಗೆ ಉಗುಳಿ ಬಡಿದುಕೊಳ್ಳತೊಡಗಿತು. ತಮ್ಮ ಚಪ್ಪಾಳೆ ತಟ್ಟಲು ಕೈಯೆತ್ತಿದವನು ಹಾಗೇ ನಿಂತ. ಗಾಳಿಯ ಸುಳಿವೇ ಇಲ್ಲದಿದ್ದರೂ ಗೇಟು ತಾನಾಗಿ ತೆರೆದುಕೊಂಡಿತ್ತು, ಒಬ್ಬರು ನುಸುಳುವಷ್ಟು.

ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಂದಳು. "ಸೇತುವೆ ತನಕ ಹೋಗಿ ಬರೋಣ, ನಡಿ."

ಹಿಂದೆ ಕೂತವಳು ಮಗಳ ಬೆನ್ನಿಗೆ ಅಂಟಿಕೊಂಡಳು.

"ಹಿಂದೆ ಇಷ್ಟೊಂದು ಜಾಗ ಇದೆಯಲ್ಲಮ್ಮ, ಸರಿದು ಕೂತ್ಕೋ."

"ಇಲ್ಲ, ನೀನು ಹೊರಡು."

ಆಗಲೇ ಬೈಕಿನ ಹಿಂಭಾಗ ಕುಸಿಯಿತು. ಅವಳೇ ಹಾಕಿದ ಹೊಸ ಸ್ಪ್ರಿಂಗುಗಳು ಕಿರ್ರೆಂದವು.

"ಅಕ್ಕಾ, ಹಿಂದಿನ ಟೈರಲ್ಲಿ ಗಾಳಿ ಇಲ್ಲ ಕಣೇ!" ಎಂದು ತಮ್ಮ ಕೂಗಿದ. ಗಾಳಿ ಸರಿಯಾಗಿತ್ತು. ಅವಳೇ ಆಗಷ್ಟೇ ತುಂಬಿಸಿದ್ದಳು.

ದಾರಿಯುದ್ದಕ್ಕೂ ಅವಳು ಕನ್ನಡಿ ನೋಡಲಿಲ್ಲ. ಸಣ್ಣ ಏರಿಗೂ ಎಂಜಿನ್ ಏದುಸಿರು ಬಿಟ್ಟಿತು. ಸುಡು ಬಿಸಿಲಿನಲ್ಲೂ ಕತ್ತಿನ ಹಿಂಭಾಗಕ್ಕೆ ತಣ್ಣಗೆ ತಾಗುತ್ತಿತ್ತು. ಪಾಚಿಯ ವಾಸನೆ ಬರುತ್ತಿತ್ತು. ಅಮ್ಮನ ಬೆರಳುಗಳು ಅವಳ ಸೊಂಟದಲ್ಲಿ ಹೂತುಹೋಗಿದ್ದವು.

ಸೇತುವೆಯ ಮಧ್ಯೆ ನಿಲ್ಲಿಸಿದಳು. ಅಮ್ಮ ಇಳಿದು, ಸೆರಗು ಸರಿಮಾಡಿಕೊಂಡು, ಖಾಲಿ ಸೀಟಿನ ತುದಿಯತ್ತ ತಿರುಗಿದಳು.

"ಇಳೀರಿ," ಎಂದಳು. "ಮಗಳು ಗಾಡಿ ಸರಿ ಮಾಡಿದಾಳೆ, ನೋಡಿದ್ದಾಯ್ತು. ಕೂತಿದ್ದೂ ಆಯ್ತು. ಇನ್ನು ಮನೆ ಕಡೆ ಬರಬೇಡಿ. ಇಷ್ಟು ವರ್ಷ ಕಿವಿ ಕೊಟ್ಕೊಂಡು ಕೂತು ನಂಗೂ ಸಾಕಾಗಿದೆ ರೀ."

ಏನೂ ಆಗಲಿಲ್ಲ. ಸ್ಪ್ರಿಂಗು ಹಾಗೇ ಅದುಮಿಕೊಂಡಿತ್ತು. ಮಗಳ ಗಂಟಲಿಗೆ "ಅಪ್ಪಾ" ಎಂಬುದು ಬಂದೇಬಿಟ್ಟಿತ್ತು. ಅಮ್ಮ ಥಟ್ಟನೆ ಅವಳ ಬಾಯಿ ಮುಚ್ಚಿದಳು. "ಕರೀಬೇಡ. ಕರೆದ್ರೆ ಹೋಗಲ್ಲ."

ಅವಳು ಹಲ್ಲು ಕಚ್ಚಿ ಕೂತಳು. ಕಣ್ಣೀರು ಅಮ್ಮನ ಬೆರಳ ಮೇಲೆ ಇಳಿಯಿತು. ಎಷ್ಟು ಹೊತ್ತೋ, ಕೊನೆಗೆ ಬೈಕಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಸೇತುವೆಯ ಕಟ್ಟೆಯ ಮೇಲಿದ್ದ ಕಾಗೆಗಳು ಒಟ್ಟಿಗೆ ಹಾರಿ, ಯಾರಿಗೋ ದಾರಿ ಬಿಟ್ಟಂತೆ ಆಚೀಚೆ ಚೆದುರಿದವು. ಕೆಳಗೆ ನೀರಿನಲ್ಲಿ ಸದ್ದೇನೂ ಆಗಲಿಲ್ಲ.

ಸೀಟಿನ ತುದಿ ಒದ್ದೆಯಾಗಿತ್ತು. ಅಮ್ಮ ಸೆರಗಿನಿಂದ ಅದನ್ನು ಒರೆಸಿ, ಕೈ ಹಿಂದಕ್ಕೆ ಊರಿಕೊಂಡು ಆರಾಮಾಗಿ ಕೂತಳು.

"ಸ್ವಲ್ಪ ಜೋರಾಗೇ ಓಡ್ಸೇ," ಎಂದಳು. "ನಿಮ್ಮಪ್ಪ ಒಂದಿನಾನೂ ಜೋರಾಗಿ ಓಡಿಸ್ಲಿಲ್ಲ."