ಒದ್ದೆ ತೋಳು

ಚೆಲ್ಲಿದ್ದು ಒಂದು ಹನಿಯೋ, ಪೂರ್ತಿ ಮದ್ದೋ? ಒಂದೇ ಹನಿ ಇದ್ದಿರಬಹುದು. ಮದ್ದು ಸರಿಯಾಗಿ ಹೋದ ಮಕ್ಕಳಿಗೂ ಒಮ್ಮೊಮ್ಮೆ ದಡಾರ ಬರುತ್ತದಲ್ಲ? ಹಿರೇಹಡಗಲಿಯ ಕುರಿಗಾರರ ಓಣಿಯಲ್ಲಿ ಬೈಕು ನಿಲ್ಲಿಸಿದ ಆರೋಗ್ಯ ಕಾರ್ಯಕರ್ತ ಕ್ರಾಂತಿಕುಮಾರ್ ಇದನ್ನೇ ಯೋಚಿಸುತ್ತ ಇನ್ನೂ ಕೆಳಗಿಳಿದಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಇದೇ ಓಣಿಗೆ ಅವನು ಸೂಜಿಯಿಲ್ಲದೆ ದಡಾರದ ಲಸಿಕೆ ಹಾಕುವ ಯಂತ್ರ ತಂದಿದ್ದ. ತೋಳಿಗೆ ಒತ್ತಿ ಗುಂಡಿ ಅದುಮಿದರೆ ಮದ್ದು ತಾನೇ ಚರ್ಮದೊಳಗೆ ನುಗ್ಗುತ್ತಿತ್ತು. ಸೂಜಿಗೆ ಹೆದರಿ ಮಕ್ಕಳನ್ನು ಬಚ್ಚಿಡುತ್ತಿದ್ದವರೇ ಈಗ ರಕ್ತ ಬರದ ಲಸಿಕೆ ಎಂಥದು ಎಂದು ಅನುಮಾನಪಟ್ಟರು. ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ, ಮಧ್ಯಾಹ್ನದ ಹೊತ್ತಿಗೆ ತಾಯಂದಿರ ಸಾಲು ನಿಂತಿತ್ತು. ಮೊದಲು ಬಂದವಳು ಸೌಭಾಗ್ಯ, ಹತ್ತು ತಿಂಗಳ ಮಗಳನ್ನೆತ್ತಿಕೊಂಡು. ಯಂತ್ರ ಟಪ್ಪೆಂದಿತು.

ಅವಳ ಮಾವ ಯರ್ರೆಪ್ಪ ನಕ್ಕ. "ಸೈಕಲ್ಲಿಗೆ ಗಾಳಿ ಹೊಡದಂಗಾತಲ್ರಿ ಸಾಹೇಬ್ರ. ನಮ್ಮ ಕುರಿಗೆ ಸೂಜಿ ಹಾಕಿದ್ರ ಗಂಟಾದ್ರೂ ಏಳ್ತೈತಿ."

ಸಾಲೂ ನಕ್ಕಿತು. ಮಗು ಕೊಸರಿದಾಗ ಯಂತ್ರ ಓರೆಯಾಗಿತ್ತು. ತೋಳು ಒದ್ದೆಯಾಗಿತ್ತು. ಒದ್ದೆಯಾದರೆ ಮದ್ದು ಸರಿಯಾಗಿ ಹೋಗಿಲ್ಲ, ಮೇಲಿನವರಿಗೆ ತಿಳಿಸಿ ಮತ್ತೆ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಎಲ್ಲರೆದುರು ಮತ್ತೆ ಹಾಕಿದರೆ ಸಾಲು ಕರಗುತ್ತಿತ್ತು. ಅವನು ಹತ್ತಿಯಿಂದ ತೋಳೊರೆಸಿ ಮುಂದಿನವರನ್ನು ಕರೆದ. ಸಂಜೆ ಮನೆಗೇ ಹೋಗಿ ಹಾಕಿದರಾಯಿತು ಎಂದುಕೊಂಡಿದ್ದ. ಸಂಜೆಗೆ ಆ ಮನೆಯವರು ಹಿಂಡಿನ ಜೊತೆ ಮೈಲಾರದ ಕಡೆ ಹೊರಟುಹೋಗಿದ್ದರು. ಆಮೇಲೆ ಅವನು ಹುಡುಕಲಿಲ್ಲ.

ಅವರು ಊರಿಗೆ ಮರಳಿದ ಮೇಲೆ, ಮೊನ್ನೆ ಆ ಮಗು ದಡಾರದಿಂದ ತೀರಿಕೊಂಡಿತು.

ಬೈಕಿನಿಂದಿಳಿದು ಮನೆಗೆ ಬಂದವನನ್ನು ಯರ್ರೆಪ್ಪ ಕಂಬಳಿ ಹಾಸಿ ಕೂರಿಸಿದ. ಸೌಭಾಗ್ಯ ನೀರು ತಂದಿಟ್ಟಳು. ಮಾವನ ಕಡೆ ನೋಡಲಿಲ್ಲ.

"ಕುರಿಗೆ ಮದ್ದು ಹಾಕೂವಾಗ ನಾವು ನಗಂಗಿಲ್ರಿ," ಎಂದ ಯರ್ರೆಪ್ಪ. "ನಕ್ಕರ ಮದ್ದು ಹತ್ತಂಗಿಲ್ಲ. ನಮ್ಮಪ್ಪ ಹೇಳಿದ್ದು. ಗೊತ್ತಿದ್ದೂ ಅವತ್ತು ನಕ್ಕೆ." ಸೊಸೆಯ ಕಡೆ ಕೈ ತೋರಿಸಿ ಅಂದ: "ಇಕಿ ನನ್ನ ಕೂಡ ಮಾತು ಬಿಟ್ಟಾಳ. ನೀವು ಓದಿದೋರು. ಹೌದೇನ್ರಿ ಅದು?"

ಹಾಗೇನಿಲ್ಲ ಎನ್ನಲು ಕ್ರಾಂತಿಕುಮಾರ್ ಬಾಯಿ ತೆರೆದ. ಹಾಗಾದರೆ ಮದ್ದು ಯಾಕೆ ಹತ್ತಲಿಲ್ಲ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಸೌಭಾಗ್ಯ ಬಾಗಿಲಲ್ಲೇ ನಿಂತಿದ್ದಳು. ಅವನು ನೀರು ಕುಡಿದು ಚೊಂಬು ಕೆಳಗಿಟ್ಟ. ಉತ್ತರ ಸಿಕ್ಕಿತೆಂಬಂತೆ ಮುದುಕ ತಲೆಯಾಡಿಸಿದ.

ಮಗುವಿನ ತೋಳು ಒದ್ದೆಯಾಗಿತ್ತೆಂದು ಕ್ರಾಂತಿಕುಮಾರ್ ಅವರಿಗೆ ಎಂದೂ ಹೇಳಲಿಲ್ಲ.