ಅಲುಗಿಸದ ಬಟ್ಟಲು

ಮೊದಲ ಹಿಮ ಬೀಳುವುದರೊಳಗೆ ಈ ಊರಿನ ಒಬ್ಬರಾದರೂ ಕರೆಯದೆ ಬಂದು, ಹೊಸಿಲು ದಾಟಿ, ತನ್ನ ಕೈಯ ಕಾಫಿ ಕುಡಿಯಬೇಕು. ಇಲ್ಲವಾದರೆ ಟೊರಾಂಟೊದಲ್ಲಿರುವ ಚಿಕ್ಕಮ್ಮನ ಮಗಳು ಸುಹೈಲಾಳ ಬೀದಿಗೆ ಸಂಸಾರ ಎತ್ತುವುದು. ನಜ್ಲಾ ಗಂಡನಿಗೆ ಹಾಕಿದ್ದ ಷರತ್ತು ಇಷ್ಟೇ. ಘಸ್ಸಾನ್ ಬಾಯಲ್ಲಿ ಒಪ್ಪಿದ್ದ. ಮನಸ್ಸಿನಲ್ಲಿ ಅವನಿಗೆ ಇಲ್ಲಿನ ಟ್ರ್ಯಾಕ್ಟರ್ ರಿಪೇರಿ ಕೆಲಸ ಹಿಡಿಸಿತ್ತು. ಅವನ ತಾಯಿ ಖಜ್ನಾಗೆ ಇಲ್ಲಿನ ಗೋಧಿ ಹೊಲ ಹಿಡಿಸಿತ್ತು. "ನಾವು ಬಿಟ್ಟುಬಂದ ಹೌರಾನ್ ಸೀಮೇನೇ ಯಾರೋ ರೊಟ್ಟಿ ಲಟ್ಟಿಸಿದ ಹಾಗೆ ಲಟ್ಟಿಸಿ ಹರಡಿದ್ದಾರೆ," ಎನ್ನುತ್ತಿದ್ದಳು ಮುದುಕಿ.

ನಜ್ಲಾಳಿಗೆ ಹಿಡಿಸದಿದ್ದದ್ದು ಇಲ್ಲಿನ ಮೌನ. ಸಸ್ಕ್ಯಾಚವಾನಿನ ಆ ಬಯಲಲ್ಲಿ ಪಕ್ಕದ ಮನೆಯೆಂದರೆ ಒಂದು ಮೈಲಿ. ದಾರಿಯಲ್ಲಿ ಎದುರಾದವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ಹೋಗಿಬಿಡುವರು. ಅವಳ ತಂದೆಯ ಮನೆಯ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಇಲ್ಲಿ ಬಾಗಿಲಿಗೆ ಗಂಟೆಯಿದೆ, ಒತ್ತುವ ಬೆರಳಿಲ್ಲ. ಆದರೂ ದಿನವೂ ಏಲಕ್ಕಿ ಕುಟ್ಟಿ ಕಹಿ ಕಾಫಿ ಕಾಯಿಸಿಡುವಳು. ಸಂಜೆ ಅದು ಅತ್ತೆಯ ಪಾಲಾಗುವುದು.

"ನಿನ್ನ ಬಾರದ ನೆಂಟರ ಕಾಫಿಯೆಲ್ಲ ಕುಡಿದು ಕುಡಿದು ನನ್ನ ಎದೆ ಡಬಡಬ ಅಂತಿದೆ ಕಣೆ. ಒಬ್ಬನನ್ನಾದರೂ ಹಗ್ಗ ಹಾಕಿ ಎಳೆದು ತಾ," ಎನ್ನುವಳು ಖಜ್ನಾ.

ಅಕ್ಟೋಬರ್ ಕೊನೆಯ ಒಂದು ಶನಿವಾರ ಪಕ್ಕದ ಹೊಲದ ಆರ್ವಿಲ್ ತನ್ನ ಪಿಕಪ್ ಗಾಡಿಯಲ್ಲಿ ಅಂಗಳಕ್ಕೆ ಬಂದ. ಎಪ್ಪತ್ತರ ಬ್ರಹ್ಮಚಾರಿ. ಎಂಜಿನ್ ಆರಿಸದೆ ಇಳಿದು, ಗಾಡಿಗೆ ಒರಗಿ ನಿಂತ. ಘಸ್ಸಾನ್ ಹೋಗಿ ಪಕ್ಕದಲ್ಲಿ ಒರಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೊಯ್ದ ಹೊಲವನ್ನೇ ನೋಡುತ್ತ ನಿಂತುಬಿಟ್ಟರು. ಆಗೊಂದು ಈಗೊಂದು "ಹೂಂ."

ಕಿಟಕಿಯಲ್ಲಿ ನಿಂತಿದ್ದ ನಜ್ಲಾಳಿಗೆ ತಡೆಯಲಾಗಲಿಲ್ಲ. ಗಂಡನನ್ನು ಬಾಗಿಲಿಗೆ ಕರೆದಳು.

"ಒಳಗೆ ಕರೀಬಾರದಾ?"

"ಮೂರು ಸಲ ಕರೆದೆ. ಬೂಟು ಕೆಸರಾಗಿದೆ ಅಂತಾನೆ."

"ಬಿಚ್ಚಲಿ!"

"ಇಗೋ ಹೊರಟೆ ಅಂತಾನೆ."

"ಹೊರಟು ಎಷ್ಟು ಹೊತ್ತಾಯ್ತು?"

"ಮುಕ್ಕಾಲು ಗಂಟೆ."

ಒಳಗಿನಿಂದ ಖಜ್ನಾ ನಕ್ಕಳು. "ಆ ಗಾಡೀನೇ ಅವನ ಚಾವಡಿ ಕಣೆ. ಚಾವಡಿಗೆ ಬಂದವನಿಗೆ ಕಾಫಿ ಕೊಡದೆ ಕಿಟಕೀಲಿ ಇಣುಕ್ತಾ ನಿಂತಿದ್ದೀಯಲ್ಲ, ಯಾರ ಮನೆ ಮಗಳು ನೀನು?"

ಆ ಮಾತು ನಾಟಿತು. ನಜ್ಲಾ ಕಾಫಿಯ ಹೂಜಿ ಹಿಡಿದು ಅಂಗಳಕ್ಕೆ ಇಳಿದಳು. ಬಿಸಿಯಾಗಿದ್ದ ಗಾಡಿಯ ಮೂತಿಯ ಮೇಲೆ ತಟ್ಟೆಯಿಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದು ಗುಟುಕಿನಷ್ಟು ಬಗ್ಗಿಸಿ ಕೊಟ್ಟಳು. ಆರ್ವಿಲ್ ಕುಡಿದು ಬಟ್ಟಲು ಚಾಚಿದ. ಮತ್ತೆ ಬಗ್ಗಿಸಿದಳು.

ಅವಳ ಸೀಮೆಯಲ್ಲಿ ಅತಿಥಿ ಬಟ್ಟಲನ್ನು ಅಲುಗಿಸಿದರೆ ಸಾಕು ಎಂದರ್ಥ. ಅಲ್ಲಿಯವರೆಗೆ ಬಗ್ಗಿಸುವವರು ನಿಲ್ಲಿಸುವಂತಿಲ್ಲ. ಆರ್ವಿಲ್‌ಗೆ ಅದೆಲ್ಲಿ ಗೊತ್ತು? ಅವನ ಮನೆತನದಲ್ಲಿ ಬಡಿಸಿದ್ದನ್ನು ಬಿಡುವವನು ಒರಟ. ಅವಳು ಬಗ್ಗಿಸಿದಳು, ಅವನು ಕುಡಿದ. ಇಬ್ಬರೂ ಮರ್ಯಾದಸ್ಥರು.

ಏಳನೆಯ ಬಟ್ಟಲಿಗೆ ಅವನ ಮಾತು ಉದ್ದವಾಯಿತು. "ನಮ್ಮಜ್ಜಿ ಬಂದಾಗ ಇಲ್ಲಿ ಬರೀ ಹುಲ್ಲು. ಮೊದಲ ಚಳಿಗಾಲ ಪೂರ್ತಿ ಕೋಳಿಗಳ ಹತ್ತಿರ ಮಾತಾಡಿದಳಂತೆ. ಬೇರೆ ಯಾರಿದ್ದರು? ವಸಂತ ಬರೋ ಹೊತ್ತಿಗೆ ಕೋಳಿಗಳಿಗೆ ಸ್ವೀಡಿಷ್ ಬರ್ತಿತ್ತು ಅಂತ ನಮ್ಮಪ್ಪ ಹೇಳ್ತಿದ್ದ."

ನಜ್ಲಾಳಿಗೆ ಇಲ್ಲಿಯ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು. ಇದು ಪೂರ್ತಿ ಅರ್ಥವಾಯಿತು.

ಹೂಜಿ ಬರಿದಾದ ಮೇಲೆ ಆರ್ವಿಲ್ ಗಾಡಿ ಹತ್ತಿ, ಬಂದ ಕಾರಣವನ್ನು ಕಿಟಕಿಯಿಂದ ಹೇಳಿದ: "ಇವತ್ತು ಹಿಮ ಬೀಳ್ತದೆ. ಕಾರಿನ ಎಂಜಿನ್ ಬೆಚ್ಚಗಿಡೋ ತಂತಿಗೆ ಕರೆಂಟ್ ಕೊಟ್ಟಿಡಿ, ಇಲ್ಲದಿದ್ದರೆ ಹೆಪ್ಪುಗಟ್ಟೀತು."

"ಹದಿಮೂರು ಬಟ್ಟಲು!" ಖಜ್ನಾ ಬಾಗಿಲಲ್ಲೇ ನಿಂತು ಎಣಿಸಿದ್ದಳು. "ಆದರೆ ಹೊಸಿಲು ದಾಟಲಿಲ್ಲವಲ್ಲ ಮಹಾರಾಯ. ಷರತ್ತು ಅಂದ್ರೆ ಷರತ್ತು. ಪೆಟ್ಟಿಗೆ ಕೆಳಗಿಳಿಸಲಾ?"

ಘಸ್ಸಾನ್ ಹೆಂಡತಿಯ ಮುಖ ನೋಡಿದ. ಅವಳು ಬಟ್ಟಲು ತೊಳೆದಳು.

ಬೆಳಿಗ್ಗೆ ಎದ್ದರೆ ಹೊಲವೆಲ್ಲ ಮೊಣಕಾಲುದ್ದ ಬಿಳುಪು. ಆದರೆ ಅವರ ಬಾಗಿಲಿನಿಂದ ರಸ್ತೆಯವರೆಗೆ ಬೈತಲೆ ತೆಗೆದ ಹಾಗೆ ಹಿಮ ಗೋರಿದ ಒಂದು ಕಪ್ಪು ದಾರಿ. ಅದರ ತುದಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಆರ್ವಿಲ್, ಕಣ್ಣು ಕೆಂಡ.

"ನಿದ್ದೆ ಬರಲಿಲ್ಲ," ಎಂದ. "ಒಂದು ಚೂರೂ."

ನಜ್ಲಾ ಸೆರಗಿನಂತೆ ಶಾಲು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಈ ದೇಶಕ್ಕೆ ಬಂದ ಮೇಲೆ ಹಾಗೆ ನಕ್ಕಿರಲಿಲ್ಲ. ಕಾಫಿ ತಂದು, ಖಾಲಿ ಬಟ್ಟಲನ್ನು ಎಡಬಲ ಅಲುಗಿಸಿ ತೋರಿಸಿದಳು. "ಸಾಕು ಅನ್ನೋದಕ್ಕೆ ಹೀಗೆ."

ಆರ್ವಿಲ್ ಕೆಂಗಣ್ಣು ಉಜ್ಜಿಕೊಂಡ. "ನಿನ್ನೆ ಹೇಳಬಹುದಿತ್ತು."

ಒಂದು ಕುಡಿದ. ಎರಡು ಕುಡಿದ. ಬಟ್ಟಲನ್ನು ದಿಟ್ಟಿಸಿ ನೋಡಿದ. ಅಲುಗಿಸದೆ ಮುಂದೆ ಚಾಚಿದ.

ಅವಳು ಒಳಗೆ ಬರುವಷ್ಟರಲ್ಲಿ ಸುಹೈಲಾಳ ಫೋನು. "ಹಿಮ ಬಿತ್ತಂತಲ್ಲೇ! ಯಾವಾಗ ಹೊರಡ್ತೀರಿ?"

ನಜ್ಲಾ ಕಿಟಕಿಯಾಚೆಯ ಕಪ್ಪು ದಾರಿಯನ್ನು ನೋಡುತ್ತ ಹೇಳಿದಳು: "ಎಲ್ಲಿಯ ಹೊರಡೋದು ಸುಹೈಲಾ? ದಾರಿಯೇ ಮುಚ್ಚಿಹೋಗಿದೆ."

"ಮುಚ್ಚಿಹೋಗಿದೆ, ಪೂರಾ ಮುಚ್ಚಿಹೋಗಿದೆ," ಎಂದು ಫೋನಿಗೆ ಕೇಳುವ ಹಾಗೆ ಕೂಗಿ, ಖಜ್ನಾ ಎದ್ದು ಕಿಟಕಿಯ ಪರದೆ ಎಳೆದಳು.