ಜೂಲಿಯಾನಾಳ ಸರದಿ

ಅಕ್ಷರ ಕೂಡಿಸಿ ಓದುವುದನ್ನು ಕಲಿತ ವರ್ಷವೇ ಆಫ್ರಾ ತನ್ನ ತಾಯಿಯನ್ನು ಹುಡುಕಿ ತೆಗೆದಳು. ಚರ್ಚಿನ ಬೆನ್ನಿಗಿದ್ದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ, ಎಡಗಡೆ ಗೋಡೆಯ ಕೆಳಗಿನ ಹಲಗೆಯ ಮೇಲೆ, ಹಣೆಯ ಸುತ್ತ ಗುಲಾಬಿ ಮಾಲೆ ಬರೆಸಿಕೊಂಡ ಒಂದು ತಲೆಬುರುಡೆ ಕೂತಿತ್ತು. ಮಾಲೆಯ ನಡುವೆ ಕಪ್ಪು ಅಕ್ಷರದಲ್ಲಿ ‘ಜೂಲಿಯಾನಾ’ ಎಂದಿತ್ತು. ಅವಳನ್ನು ಹೆತ್ತು ಅದೇ ದಿನ ತೀರಿಹೋದ ತಾಯಿಯ ಹೆಸರು ಜೂಲಿಯಾನಾ. ಇನ್ನೇನು ಬೇಕು? ಹುಡುಗಿ ಅವತ್ತಿನಿಂದ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡತೊಡಗಿದಳು. ಬೆಳಿಗ್ಗೆ ಏನು ತಿಂದೆ, ಬಾತುಕೋಳಿ ಯಾರ ಕಾಲು ಕಚ್ಚಿತು, ಮೇಷ್ಟ್ರು ಯಾರ ಕಿವಿ ಹಿಂಡಿದರು, ಎಲ್ಲ ವರದಿ ಒಪ್ಪಿಸಿ ಬರುತ್ತಿದ್ದಳು. ಬೇಸಿಗೆಯ ಮೊದಲ ಕಾಡು ಸ್ಟ್ರಾಬೆರಿಗಳನ್ನು ಎಲೆಯಲ್ಲಿಟ್ಟು ಅದರ ಮುಂದೆ ಇಟ್ಟು ಬಂದದ್ದೂ ಉಂಟು. ಮರುದಿನ ಹಣ್ಣು ಇರಲಿಲ್ಲ. ಇಲಿ ತಿಂದಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಇದು ಎಷ್ಟೋ ಕಾಲ ನಡೆಯಿತು. ಒಂದು ಸಂಜೆ ಅವಳನ್ನು ಹುಡುಕಿಕೊಂಡು ಬಂದ ವಾಲ್ಬುರ್ಗಾ ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೊರೆಸಲು ಬಟ್ಟೆ ಹುಡುಕಿ, ಕೊನೆಗೆ ಏಪ್ರನ್ನಿನ ತುದಿಯಲ್ಲಿ ಒರೆಸಿಕೊಂಡಳು.

“ಅಯ್ಯೋ ಪೆದ್ದಿ, ಇವಳು ರೊಟ್ಟಿ ಅಂಗಡಿಯವನ ಮುತ್ತಜ್ಜಿ ಕಣೇ. ನಿಮ್ಮಮ್ಮ ಇನ್ನೂ ಹೊರಗೇ ಮಲಗಿದಾಳೆ. ಅವಳ ಸರದಿ ಬಂದಿಲ್ಲ.”

ಸರದಿಯ ಮಾತು ಆ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆಸ್ಟ್ರಿಯದ ಉಪ್ಪಿನ ಗಣಿಯ ಊರದು. ಹಿಂದೆ ಬೆಟ್ಟ, ಮುಂದೆ ಸರೋವರ, ನಡುವೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಹತ್ತಿ ಕೂತ ಹಾಗೆ ಮನೆಗಳು. ಬದುಕಿದವರಿಗೇ ಆಲೂಗಡ್ಡೆ ನೆಡಲು ಜಾಗವಿಲ್ಲ. ಸತ್ತವರಿಗೆ ಸಿಕ್ಕಿದ್ದು ಚರ್ಚಿನ ಪಕ್ಕದ ಒಂದು ಅಂಗೈಯಗಲದ ನೆಲ. ಹಾಗಾಗಿ ಅಲ್ಲಿ ಯಾರೂ ಮಣ್ಣಿನಲ್ಲಿ ಶಾಶ್ವತವಾಗಿ ಮಲಗುವ ಹಾಗಿರಲಿಲ್ಲ. ಹೊಸಬರು ಬಂದರೆ ಸಾಲಿನಲ್ಲಿ ಎಲ್ಲರಿಗಿಂತ ಹಳಬರು ಏಳಬೇಕು. ಗುಂಡಿ ತೋಡುವ ಇಸಿಡೋರ್ ಅವರ ತಲೆಯನ್ನು ತೆಗೆದು, ತೊಳೆದು, ಬಿಸಿಲಿಗೂ ಇಬ್ಬನಿಗೂ ವಾರಗಟ್ಟಲೆ ಇಟ್ಟು ಬೆಳ್ಳಗೆ ಮಾಡಿ, ಮನೆಯವರು ಹೇಳಿದ ಮಾಲೆಯನ್ನೂ ಹೆಸರನ್ನೂ ಬರೆದು ಆ ಪ್ರಾರ್ಥನಾ ಮಂದಿರಕ್ಕೆ, ಊರವರ ಬಾಯಲ್ಲಿ ಎಲುಬಿನ ಮನೆಗೆ, ಸೇರಿಸುತ್ತಿದ್ದ. ಅಲ್ಲಿ ತೊಡೆಮೂಳೆಗಳು ಕಟ್ಟಿಗೆಯ ಹಾಗೆ ಒಟ್ಟಿಲಾಗಿ ಕೂತಿರುತ್ತಿದ್ದವು; ಮೇಲಿನ ಹಲಗೆಗಳಲ್ಲಿ ಊರಿನ ಮುಖಗಳೆಲ್ಲ ಐವಿ ಬಳ್ಳಿ, ಓಕ್ ಎಲೆ, ಗುಲಾಬಿ ಮುಡಿದು ಕಾದಿರುತ್ತಿದ್ದವು. ಇದರಲ್ಲಿ ದುಃಖದ ಮಾತೇನೂ ಇರಲಿಲ್ಲ. ಹೊರಗೆ ಹೋದವರು ಮನೆಗೆ ಬಂದರು ಎನ್ನುತ್ತಿದ್ದರು.

ಆಫ್ರಾಳ ತಾಯಿ ಮಾತ್ರ ಬರಲಿಲ್ಲ. ಚಿತ್ರವೂ ಇಲ್ಲ, ಒಂದು ಕೂದಲ ಎಳೆಯೂ ಇಲ್ಲ. ಅಪ್ಪ ಮರುಮದುವೆಯಾಗಿ ಕೆಳಗಿನ ಪಟ್ಟಣ ಸೇರಿದ್ದ. ಕೂಸನ್ನು ಅಕ್ಕ ವಾಲ್ಬುರ್ಗಾಳ ಮಡಿಲಿಗೆ ಹಾಕಿ ಹೋದವನು ತಿರುಗಿ ನೋಡಿರಲಿಲ್ಲ. ಅಮ್ಮ ಹೇಗಿದ್ದಳು ಎಂದು ಊರವರನ್ನು ಕೇಳಿದರೆ ಒಬ್ಬರು ಎತ್ತರ ಎಂದರು, ಇನ್ನೊಬ್ಬರು ಗಿಡ್ಡ ಎಂದರು, ಮೂರನೆಯವರು ಹೆಸರನ್ನೇ ಮರೆತಿದ್ದರು. ಅತ್ತೆಯನ್ನು ಕೇಳಿದರೆ, ನಮ್ಮ ಮನೆಯಲ್ಲಿ ಇದ್ದದ್ದೇ ವರ್ಷವೊಂದು, ಕೆಲಸದಲ್ಲಿ ಚುರುಕು, ಮಾತು ಕಮ್ಮಿ, ಎಂದು ಹಿಟ್ಟು ನಾದಲು ಶುರು ಮಾಡುತ್ತಿದ್ದಳು. ಬೆಳೆದಂತೆ ಆಫ್ರಾಳಿಗೆ ಒಂದೇ ಆಸೆ ಉಳಿಯಿತು. ಅಮ್ಮನ ಮುಖ ಹೋಗಿದೆ, ಸರಿ. ಆ ಮುಖ ಯಾವುದರ ಮೇಲೆ ನಿಂತಿತ್ತೋ ಅದನ್ನಾದರೂ ಒಮ್ಮೆ ಎರಡು ಕೈಯಲ್ಲಿ ಹಿಡಿಯಬೇಕು. ತಾನೇ ತೊಳೆಯಬೇಕು, ಮಾಲೆ ಯಾವುದೆಂದು ತಾನೇ ಹೇಳಬೇಕು. ಹುಚ್ಚು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಹಂಬಲವೇನೂ ಕಡಿಮೆಯಾಗಲಿಲ್ಲ.

ಅವಳಿಗೆ ಹತ್ತೊಂಬತ್ತಾದ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಕಣಿವೆಯಾಚೆ ಮರ ಕೊಯ್ಯುವ ಕಾರ್ಖಾನೆಯ ರೂಪರ್ಟ್ ಅವಳನ್ನು ಮದುವೆಗೆ ಕೇಳಿದ. ಹಿಮ ಬಿದ್ದು ಕಣಿವೆ ದಾರಿ ಮುಚ್ಚುವ ಮೊದಲು ಮದುವೆ ಎಂದಾಯಿತು. ಹಾಗೆಯೇ ಸಾಲಿನಲ್ಲಿ ಮುಂದಿನ ಸರದಿ ಜೂಲಿಯಾನಾಳದ್ದಾಯಿತು. ಇನ್ನು ಅವಳು ಊರು ಬಿಡುವ ಮೊದಲು ಯಾರಾದರೂ ಒಬ್ಬರು ಸತ್ತರೆ ಸಾಕು. ಆದರೆ ಆ ವರ್ಷ ಊರಿನವರಿಗೆ ಏನು ಬಂದಿತ್ತೋ, ಯಾರೂ ಸಾಯಲೊಲ್ಲರು. ಈಸ್ಟರ್ ಕಳೆಯಿತು, ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ವರ್ಷಗಳಿಂದ ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳು ಎದ್ದು ಕೋಲು ಹಿಡಿದು ಪೂಜೆಗೆ ಬಂದಳು.

ಆಫ್ರಾ ಇಸಿಡೋರನ ಬಳಿ ಹೋಗಿ ಮುಂಚೆಯೇ ತೆಗೆಯಲಾಗದೇ ಎಂದು ಕೇಳಿಕೊಂಡಳು. ಅವನು ಗುದ್ದಲಿ ಒರಗಿಸಿ, ಬರುವ ಅತಿಥಿ ಇಲ್ಲದೆ ಮಲಗಿದವರನ್ನು ಎಬ್ಬಿಸುವ ಪದ್ಧತಿ ತನ್ನಜ್ಜನ ಕಾಲದಿಂದಲೂ ಇಲ್ಲವೆಂದ. ಅವಳ ಮುಖ ನೋಡಿ, ಕಾಸ್ಪರ್ ಅಜ್ಜನ ಕೆಮ್ಮು ಜೋರಾಗಿದೆಯಂತೆ ಎಂದೂ ಸೇರಿಸಿದ.

ಕಾಸ್ಪರ್ ಗಣಿಯಲ್ಲಿ ಜೀವ ತೇದ ಒಂಟಿ ಮುದುಕ. ಆಫ್ರಾ ಅವನಿಗೆ ದಿನಾ ಸೂಪು ಒಯ್ಯತೊಡಗಿದಳು. ಯಾಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅವನ ಸಾವನ್ನು ಕಾಯುತ್ತಿದ್ದೇನಲ್ಲ ಎಂಬ ನಾಚಿಕೆಗೆ ಆ ಸೂಪು ಪ್ರಾಯಶ್ಚಿತ್ತವಾಗಿತ್ತು. ಅಜ್ಜನಿಗೆ ಎಲ್ಲ ತಿಳಿದಿತ್ತು. ಬಟ್ಟಲು ನೆಕ್ಕಿ ಇಟ್ಟು ಒಂದು ದಿನ ಹೇಳಿದ:

“ಚೆನ್ನಾಗಿದೆ ಮಗಳೇ. ಆದ್ರೆ ನೀನು ಹೀಗೆ ಕೊಬ್ಬು ಹಾಕಿ ಕುದಿಸಿ ತಂದ್ರೆ ನಾನು ಸಾಯೋದಾದ್ರೂ ಹೇಗೆ?”

ಕೆಮ್ಮು ವಾಸಿಯಾಯಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಬಾವಿಕಟ್ಟೆಯಲ್ಲಿ ಮುದುಕಿಯರು ಅವಳನ್ನು ಕಂಡೊಡನೆ, ನನ್ನನ್ನು ಹಾಗೆ ನೋಡಬೇಡವಮ್ಮ, ನನಗೆ ನೆಗಡಿ ಅಷ್ಟೆ, ಎಂದು ದೂರ ಸರಿಯುವ ನಾಟಕ ಆಡುತ್ತಿದ್ದರು. ನಗದೆ ಇದ್ದವಳು ವಾಲ್ಬುರ್ಗಾ ಒಬ್ಬಳೇ.

ಈ ಅತ್ತೆಯ ವಿಷಯ ಹೇಳಲೇಬೇಕು. ದಪ್ಪ ಹೆಂಗಸು, ಗಲ್ಲದ ಕೆಳಗೆ ಇನ್ನೊಂದು ಗಲ್ಲ, ಅದರಲ್ಲಿ ಕಿತ್ತಷ್ಟೂ ಬರುವ ಕೂದಲು. ಅಂಗೈಗೆ ಯಾವಾಗಲೂ ರೊಟ್ಟಿಗೆ ಹಾಕುವ ಸೋಂಪಿನ ವಾಸನೆ. ಮದುವೆಯಾಗಲಿಲ್ಲ, ಕೂಸು ಕೈಗೆ ಬಂದ ಮೇಲೆ ಯಾರು ಕೇಳುತ್ತಾರೆ? ಅವಳಿಗೊಂದು ಅಭ್ಯಾಸ. ಆಫ್ರಾ ಮನೆಯಿಂದ ಹೊರಟಾಗಲೆಲ್ಲ, ಅದು ಬಾವಿಗೇ ಆಗಲಿ, ಬಾಗಿಲ ಪಕ್ಕದ ಬಟ್ಟಲಿನ ತೀರ್ಥದಲ್ಲಿ ಹೆಬ್ಬೆರಳು ಅದ್ದಿ ಅವಳ ಹಣೆಗೆ ಶಿಲುಬೆ ಬರೆಯುತ್ತಿದ್ದಳು. ಬರೆಯುವುದೆಂದರೆ ಒತ್ತುವುದು, ಹಿಟ್ಟಿಗೆ ಅಚ್ಚು ಒತ್ತಿದ ಹಾಗೆ. ದೊಡ್ಡವಳಾದ ಮೇಲೆ ಆಫ್ರಾ ಗೊಣಗುತ್ತಿದ್ದಳು. ಆದರೂ ಕಾಲು ಹೊಸ್ತಿಲಲ್ಲಿ ತಾನಾಗಿ ನಿಲ್ಲುತ್ತಿತ್ತು, ತಲೆ ತಾನಾಗಿ ಬಾಗುತ್ತಿತ್ತು.

ಹುಲ್ಲು ಕೊಯ್ಯುವ ದಿನಗಳಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಇಷ್ಟು ವರ್ಷ ಈ ಮುಖ ನೋಡಿದ್ದು ಸಾಲದಾಯಿತೇ, ಮಣ್ಣಿನಲ್ಲಿರುವ ಮುಖಕ್ಕೆ ಇಷ್ಟು ಹಪಹಪಿಸುತ್ತೀಯಲ್ಲ ಎಂದು ಅತ್ತೆ ನಗುತ್ತಲೇ ಕೇಳಿದಳು. ಆಫ್ರಾ ನಗಲಿಲ್ಲ.

“ಅಮ್ಮ ಅಂದ್ರೆ ಅಮ್ಮನೇ. ಹೆರದೆ ಇರೋರಿಗೆ ಅದು ಹೇಗೆ ಗೊತ್ತಾಗ್ಬೇಕು?”

ಅತ್ತೆಯ ಕುಡುಗೋಲು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಬೀಸಿದಳು.

“ಹುಲ್ಲು ಒಳಗೆ ಬರ್ಲಿ ತಾಳು. ಆಮೇಲೆ ನಾನೇ ಹೋಗಿ ನಿಮ್ಮಮ್ಮನ್ನ ಎಬ್ಬಿಸಿ ಕಳಿಸ್ತೀನಿ.”

ಅವಳ ಮಾತೇ ಹಾಗೆ, ಎಲ್ಲಕ್ಕೂ ತಮಾಷೆ. ಆದರೆ ಕೊನೆಯ ಹೊರೆ ಇಳಿಸುವ ದಿನ ಬೆಟ್ಟದ ಮೇಲೆ ಐಸಿನಂಥ ಮಳೆ ಹೊಡೆಯಿತು. ಅತ್ತೆ ನೆನೆದು ಬಂದಳು, ಜ್ವರ ಬಂತು, ಜ್ವರ ಎದೆಗಿಳಿಯಿತು. ಡಾಕ್ಟರು ದೋಣಿಯಲ್ಲಿ ಬಂದು ನೋಡಿ, ತಲೆ ಅಲ್ಲಾಡಿಸಿ ದೋಣಿಯಲ್ಲೇ ಹೋದರು. ಆಫ್ರಾ ಹಾಸಿಗೆ ಬಿಟ್ಟು ಕದಲಲಿಲ್ಲ. ಅಮ್ಮ ಈಗ ಅವಳಿಗೆ ಬೇಕಿರಲಿಲ್ಲ. ಎಲುಬಿನ ಮನೆಯೂ ಬೇಕಿರಲಿಲ್ಲ. ಊರಿನವರೆಲ್ಲ ಹಾಗೇ ಬದುಕಿರಲಿ, ಈ ಗಲ್ಲ ಈ ಕೈ ಹಾಗೇ ಇರಲಿ ಎಂದು ಮೇರಿಮಾತೆಗೆ ಹರಕೆ ಹೊತ್ತಳು. ಅತ್ತೆ ಅವಳನ್ನು ಹತ್ತಿರ ಕರೆದಳು.

“ಹುಲ್ಲು ಬಂತಲ್ಲ ಒಳಗೆ. ಕೇಳು. ನಿಮ್ಮಮ್ಮನ ಮುಂದಿನ ಹಲ್ಲು ಒಂದರ ಮೂಲೆ ಮುರಿದಿದೆ. ಮದುವೆ ದಿನ ವಾಲ್ನಟ್ ಕಡಿಯೋಕೆ ಹೋಗಿ. ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತಿದ್ಲು. ಈ ಸಲನೂ ಯಾರದೋ ಅಜ್ಜಿ ತಲೆ ಎತ್ಕೊಂಡು ಬರ್ಬೇಡ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಆಫ್ರಾ ಅಳುತ್ತಾ ಕೇಳಿದಳು.

“ಹೊಟ್ಟೆಕಿಚ್ಚು ಕಣೇ. ಅಷ್ಟು ಹೇಳಿದ್ರೆ ನೀನು ಪೂರ್ತಿ ಅವಳ ಕಡೆ ಹೋಗ್ಬಿಡ್ತೀಯ ಅನ್ನಿಸ್ತು.”

ಮರುದಿನ ಬೆಳಗಾಗುವಷ್ಟರಲ್ಲಿ ವಾಲ್ಬುರ್ಗಾ ಇರಲಿಲ್ಲ.

ಇಸಿಡೋರ್ ಬಂದು, ತೆಗೆಯುವಾಗ ನಾನಿರಬೇಕು ಎಂದಿದ್ದೆಯಲ್ಲ, ಎಂದು ಮೆಲ್ಲಗೆ ನೆನಪಿಸಿದ. ಅವಳು ಹೋಗಿ ನಿಂತಳು. ಗುಂಡಿಯೊಳಗಿಂದ ಅವನು ಎತ್ತಿಕೊಟ್ಟದ್ದನ್ನು ಏಪ್ರನ್ನಿಗೆ ತೆಗೆದುಕೊಂಡು, ಮಣ್ಣು ಒರೆಸಿ ನೋಡಿದಳು. ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಅಮ್ಮನೇ. ಜೀವಮಾನವಿಡೀ ಕಾದದ್ದು ಕೈಯಲ್ಲಿದೆ, ಎದೆಯಲ್ಲಿ ಏನೂ ಆಗುತ್ತಿಲ್ಲ. ರೊಟ್ಟಿ ಅಂಗಡಿಯವನ ಮುತ್ತಜ್ಜಿಯ ಮೇಲಿದ್ದಷ್ಟು ಸಲಿಗೆಯೂ ಇದರ ಮೇಲೆ ಹುಟ್ಟಲಿಲ್ಲ. ಮಧ್ಯಾಹ್ನ ಅದೇ ಗುಂಡಿಗೆ ಅತ್ತೆಯ ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಹಾಕಿದ ಕಾಸ್ಪರ್ ಅಜ್ಜ, ನಾನು ಹೋಗಬೇಕಿತ್ತು, ನಾನು ಹೋಗಬೇಕಿತ್ತು, ಎಂದು ಅವಳ ತೋಳು ಹಿಡಿದು ಅತ್ತ.

ಎಲುಬಿನ ಮನೆಯ ಹಿಂದಿನ ಕಲ್ಲಿನ ಮೇಲೆ ಜೂಲಿಯಾನಾ ಬಿಸಿಲು ಕಾಯಿಸುತ್ತ ಕೂತಳು. ಸೆಪ್ಟೆಂಬರಿನ ಇಬ್ಬನಿ ಅವಳನ್ನು ದಿನದಿನಕ್ಕೆ ಬೆಳ್ಳಗೆ ಮಾಡಿತು. ಆಫ್ರಾ ದಿನಾ ಹೋಗಿ ತಿರುಗಿಸಿಟ್ಟು ಬರುತ್ತಿದ್ದಳು. ಬಣ್ಣದ ದಿನ ಇಸಿಡೋರ್ ಕುಂಚವನ್ನೇ ಅವಳ ಕೈಗೆ ಕೊಟ್ಟ. ಅವಳು ಗುಲಾಬಿಗಳನ್ನು ಬರೆದಳು, ಸೊಟ್ಟಗೇ ಬಂದವು. ಹೆಸರು ಬರೆಯುವ ಮೊದಲು ಹಣೆಯ ಮೇಲಿನ ಧೂಳು ತೆಗೆಯಲೆಂದು ಹೆಬ್ಬೆರಳು ಒದ್ದೆ ಮಾಡಿ ಒತ್ತಿದಳು. ಮೇಲಿನಿಂದ ಕೆಳಗೆ, ಆಮೇಲೆ ಅಡ್ಡಕ್ಕೆ. ಕೈಗೆ ಬಂದದ್ದು ಅತ್ತೆಯ ಒತ್ತು. ಅವಳು ಕುಂಚ ಕೆಳಗಿಟ್ಟು ಬಹಳ ಹೊತ್ತು ಅತ್ತಳು, ಅಮ್ಮನ ತಲೆ ಮಡಿಲಲ್ಲಿಟ್ಟುಕೊಂಡು ಅತ್ತೆಗಾಗಿ.

ಹಲಗೆಯ ಮೇಲೆ ಇಡುವಾಗ ಪಕ್ಕದಲ್ಲಿ ಒಂದು ತಲೆಯಷ್ಟು ಜಾಗ ಬಿಡಿಸಿದಳು. ವಾಲ್ಬುರ್ಗಾಳ ಸರದಿಗೆ ಇನ್ನೂ ಎಷ್ಟೋ ವರ್ಷವಿದೆ, ಬಂದಾಗ ಹೇಳಿ ಕಳಿಸುತ್ತೇನೆ, ನೀನು ಬಾ ಎಂದ ಇಸಿಡೋರ್. ಬರುತ್ತೇನೆ ಎಂದಳು. ಆದರೆ ಏನು ಬರುತ್ತದೆ ಎಂದು ಅವಳಿಗೆ ತಿಳಿದಿತ್ತು. ಎರಡನೆಯ ಗಲ್ಲ ಬರುವುದಿಲ್ಲ, ಅದರ ಮೇಲಿನ ಕೂದಲು ಬರುವುದಿಲ್ಲ. ಸೋಂಪಿನ ವಾಸನೆಯ ಅಂಗೈ ಬರುವುದಿಲ್ಲ. ಅಮ್ಮನದೆಂದು ಅವಳಿಗೆ ಸಿಗುವುದಿದ್ದದ್ದೆಲ್ಲ ಎಲುಬಿನಲ್ಲಿತ್ತು. ಅತ್ತೆಯದು ಒಂದಾದರೂ ಎಲುಬಿನಲ್ಲಿರಲಿಲ್ಲ.

ನವೆಂಬರಿನಲ್ಲಿ, ಮೇಲಿನ ಶಿಖರಗಳು ಆಗಲೇ ಬೆಳ್ಳಗಾಗಿದ್ದಾಗ, ಮದುವೆ ಮುಗಿಸಿ ರೂಪರ್ಟ್ ಹೇಸರಗತ್ತೆಯ ಮೇಲೆ ಪೆಟ್ಟಿಗೆ ಬಿಗಿದ. ಆಫ್ರಾ ಒಲೆ ಆರಿಸಿ, ಕಿಟಕಿಗಳನ್ನು ಮುಚ್ಚಿ, ಕೊನೆಗೆ ಬಾಗಿಲಿಗೆ ಬಂದಳು. ತೀರ್ಥದ ಬಟ್ಟಲು ಒಣಗಿ ತಳದಲ್ಲಿ ಬಿಳಿ ಕಲೆ ಕೂತಿತ್ತು.

“ಏನಾದ್ರೂ ಮರೆತ್ಯಾ?” ಎಂದ ರೂಪರ್ಟ್ ಅಂಗಳದಿಂದ.

ಇಲ್ಲ ಎಂದಳು. ಆದರೂ ಹೊಸ್ತಿಲ ಮೇಲೆ ತಲೆ ಬಗ್ಗಿಸಿಕೊಂಡು ನಿಂತೇ ಇದ್ದಳು.